ಸರಳ ಮದುವೆಗೆ ನಾವಿಬ್ಬರೂ ಗಟ್ಟಿ, ನೆಂಟರ ಒತ್ತಡಕ್ಕೆ ಅಪ್ಪ ಅಮ್ಮ ಅಲುಗಾಡುತ್ತಿದ್ದಾರೆ: ಏನೇನು ಮಾಡಬೇಕು?

ಹೇಮಾವತಿ ತೀರ:

ಎಲ್ಲರಿಗೂ ನಮಸ್ಕಾರ. ಹುಡುಗ, ಹುಡುಗಿ ಇಬ್ಬರ ಊರೂ ಹಾಸನ ಜಿಲ್ಲೆ, ಕೆಲಸ ಬೆಂಗಳೂರಿನಲ್ಲಿ. ಪುರೋಹಿತರಿಲ್ಲದ, ಕುವೆಂಪು ಹೇಳಿಕೊಟ್ಟ ಮಂತ್ರ ಮಾಂಗಲ್ಯದ ರೀತಿಯಲ್ಲಿ, ಅರವತ್ತು ಜನರ ಒಳಗೆ, ಕೊಡುವುದು ತೆಗೆದುಕೊಳ್ಳುವುದು ಏನೂ ಇಲ್ಲದೆ, ಮುಹೂರ್ತ ನೋಡದೆ ಮದುವೆಯಾಗುವುದು ಅಂತ ತೀರ್ಮಾನ. ಎರಡೂ ಮನೆಯ ಅಪ್ಪ ಅಮ್ಮ ಮೊದಲು ಹೂಂ ಅಂದಿದ್ದರು. ಸುದ್ದಿ ನೆಂಟರ ಕಿವಿಗೆ ಬಿದ್ದ ಮೇಲೆ ದಿನಕ್ಕೊಂದು ಫೋನು. "ಕದ್ದು ಮದುವೆ ಮಾಡಿದ ಹಾಗೆ ಮಾಡ್ತೀರಾ", "ನಾಳೆ ತಂಗಿಗೆ ಗಂಡು ಎಲ್ಲಿಂದ ತರ್ತೀರ", "ಇಷ್ಟು ವರ್ಷ ಹಾಕಿದ ಮುಯ್ಯಿ ಹೊಳೆಗೆ ಹೋಯ್ತು", "ಶಾಸ್ತ್ರ ಇಲ್ಲದಿದ್ದರೆ ಕೋರ್ಟಲ್ಲಿ ನಿಲ್ಲುತ್ತಾ ಅದು?"

ತತ್ವದ ಮಾತು ನಮಗೆ ಗೊತ್ತಿದೆ. ಬೇಕಾಗಿರುವುದು ಕೆಲಸದ ಮಾತು. ಕಾನೂನಿನಲ್ಲಿ ಯಾವ ದಾರಿ ಗಟ್ಟಿ, ಎಷ್ಟು ದಿನ ಬೇಕು? ಮುರಿದುಕೊಳ್ಳದೆ, ಬಗ್ಗದೆ ಹಿರಿಯರ ಹತ್ತಿರ ಮಾತಾಡುವುದು ಹೇಗೆ? ಮದುವೆಯ ದಿನ ಏನೇನು ತಪ್ಪುತ್ತದೆ? ಬಲ್ಲವರು ದಯವಿಟ್ಟು ಬಿಡಿಸಿ ಬರೆಯಿರಿ.

ನೋಂದಣಿ ಕಟ್ಟೆ:

ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ನಿಮ್ಮ ನೆಂಟರು ಕೇಳಿದ "ಕೋರ್ಟಲ್ಲಿ ನಿಲ್ಲುತ್ತಾ" ಎಂಬುದು ಬರೀ ಹೆದರಿಸುವ ಮಾತಲ್ಲ, ಅದರಲ್ಲಿ ಹುರುಳಿದೆ.

1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಮದುವೆ ನಡೆಯಬೇಕಾದದ್ದು ಎರಡು ಕಡೆಯಲ್ಲಿ ಒಂದು ಕಡೆಯವರ ರೂಢಿಯ ವಿಧಿಗಳಂತೆ. ತಮಿಳುನಾಡು 1967ರಲ್ಲಿ ತಿದ್ದುಪಡಿ ತಂದು 7ಎ ಸೇರಿಸಿ, ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗೆ ಮಾನ್ಯತೆ ಕೊಟ್ಟಿತು. ಕರ್ನಾಟಕದಲ್ಲಿ ಅಂಥ ತಿದ್ದುಪಡಿ ಇಲ್ಲ. ಸಾಲದ್ದಕ್ಕೆ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಈ ಕಾಯ್ದೆಯಡಿ ವಿಧಿಗಳೇ ನಡೆಯದಿದ್ದರೆ ಬರೀ ನೋಂದಣಿ ಪತ್ರದಿಂದ ಮದುವೆ ಆಗುವುದಿಲ್ಲ ಎಂದು ಹೇಳಿದೆ. ಮಂತ್ರ ಮಾಂಗಲ್ಯ ಮುಗಿಸಿ, ಹಿಂದೂ ವಿವಾಹ ಕಾಯ್ದೆಯಲ್ಲಿ ಸರ್ಟಿಫಿಕೇಟ್ ಮಾಡಿಸಿ ಸುಮ್ಮನಾಗುವವರು ಬಹಳ. ಮುಂದೆ ಯಾರಾದರೂ ಆಸ್ತಿಯ ತಕರಾರಿನಲ್ಲಿ ಎಳೆದರೆ ವಾದ ಶುರುವಾಗುವುದು ಅಲ್ಲಿಂದಲೇ.

ನಿಮಗೆ ಸರಿಯಾದದ್ದು 1954ರ ವಿಶೇಷ ವಿವಾಹ ಕಾಯ್ದೆ. ಬೇರೆ ಜಾತಿ, ಬೇರೆ ಧರ್ಮದವರಿಗೆ ಮಾತ್ರ ಅದು ಅನ್ನುವುದು ತಪ್ಪು ತಿಳಿವಳಿಕೆ. ಒಂದೇ ಜಾತಿಯ ಇಬ್ಬರೂ ಆಗಬಹುದು. 12ನೇ ಸೆಕ್ಷನ್ನಿನಲ್ಲಿ, ಮದುವೆಯನ್ನು ನಿಮಗೆ ಬೇಕಾದ ರೀತಿಯಲ್ಲಿ ನಡೆಸಿಕೊಳ್ಳಬಹುದು ಅಂತಲೇ ಇದೆ. ಕಡ್ಡಾಯವಾದದ್ದು ಇಷ್ಟು: ಮದುವೆ ಅಧಿಕಾರಿ ಮತ್ತು ಮೂವರು ಸಾಕ್ಷಿಗಳ ಮುಂದೆ ಇಬ್ಬರೂ ಒಬ್ಬರನ್ನೊಬ್ಬರು ಗಂಡ, ಹೆಂಡತಿ ಎಂದು ಸ್ವೀಕರಿಸಿದ್ದೇವೆಂಬ ಮಾತನ್ನು ಆಡಬೇಕು.

ಇದಕ್ಕೆ ಮೊದಲು, ಮದುವೆಯಾಗಲಿದ್ದೇವೆ ಎಂದು ಮದುವೆ ಅಧಿಕಾರಿಗೆ ಬರಹದಲ್ಲಿ ನೋಟಿಸ್ ಕೊಡಬೇಕು. ದಿನಗಳ ಲೆಕ್ಕ ಹೀಗೆ. ಇಬ್ಬರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಜಿಲ್ಲೆಯಲ್ಲಿ ಅದಕ್ಕೆ ಮುಂಚಿನ 30 ದಿನ ವಾಸವಾಗಿರಬೇಕು. ನೋಟಿಸ್ ಪ್ರಕಟವಾದ ಮೇಲೆ ಆಕ್ಷೇಪಣೆಗೆ 30 ದಿನ. ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಮದುವೆ ಆಗಲೇಬೇಕು, ಇಲ್ಲದಿದ್ದರೆ ಮತ್ತೆ ಹೊಸ ನೋಟಿಸ್. ಅಂದರೆ ಜನವರಿ 5ಕ್ಕೆ ಕೊಟ್ಟರೆ ಫೆಬ್ರುವರಿ ಎರಡನೇ ವಾರದಿಂದ ಏಪ್ರಿಲ್ ಮೊದಲ ದಿನಗಳವರೆಗೆ ನಿಮ್ಮ ಕೈಯಲ್ಲಿರುವ ಕಾಲ. ಮದುವೆ ದಿನ ಗೊತ್ತು ಮಾಡಿ, ಕಾಗದ ಹಂಚಿ, ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವವರು ಸಿಕ್ಕಿಬೀಳುವುದು ಇಲ್ಲೇ. ದಿನ ಕೂಡಿಬರದೆ, "ಹೇಗೂ ಮುಂದಕ್ಕೆ ಹೋಯ್ತಲ್ಲ, ಛತ್ರದಲ್ಲೇ ಮಾಡೋಣ" ಅನ್ನುವವರಿಗೆ ಜಾಗ ಬಿಟ್ಟಂತಾಗುತ್ತದೆ.

ಇನ್ನೊಂದು ಮುಖ್ಯ ಸಂಗತಿ. ನೋಟಿಸಿನಲ್ಲಿ ಕಾಯಂ ವಿಳಾಸದ ಕಾಲಂ ಇದೆ. ನಿಮ್ಮ ಕಾಯಂ ವಿಳಾಸ ಹಾಸನದ್ದಾದರೆ, ಬೆಂಗಳೂರಿನಲ್ಲಿ ಕೊಟ್ಟ ನೋಟಿಸಿನ ಪ್ರತಿ ಹಾಸನದ ಕಚೇರಿಗೂ ಹೋಗಿ ಅಲ್ಲಿನ ಬೋರ್ಡಿನಲ್ಲಿ ಬೀಳುತ್ತದೆ. ನೆಂಟರಿಗೆ ಬೋರ್ಡಿನಿಂದ ಗೊತ್ತಾದರೆ "ಕದ್ದು ಮಾಡಿದರು" ಎಂಬ ಮಾತು ನಿಜವೇ ಆಗಿಬಿಡುತ್ತದೆ. ನೋಟಿಸ್ ಕೊಡುವ ಮುಂಚಿನ ವಾರವೇ ನೀವೇ ಹೋಗಿ ಹೇಳಿ.

ಆಕ್ಷೇಪಣೆ ಯಾರು ಬೇಕಾದರೂ ಹಾಕಬಹುದು, ಆದರೆ ಕಾರಣಗಳು 4ನೇ ಸೆಕ್ಷನ್ನಿನವು ಮಾತ್ರ: ಈಗಾಗಲೇ ಗಂಡ ಅಥವಾ ಹೆಂಡತಿ ಇರುವುದು, ಮದುವೆಗೆ ಒಪ್ಪಿಗೆ ಕೊಡಲಾಗದ ಮಾನಸಿಕ ಸ್ಥಿತಿ, ಹುಡುಗನಿಗೆ 21 ಹುಡುಗಿಗೆ 18 ತುಂಬದಿರುವುದು, ನಿಷೇಧಿತ ರಕ್ತಸಂಬಂಧ. ದೊಡ್ಡಪ್ಪನಿಗೆ ಇಷ್ಟವಿಲ್ಲ ಎಂಬುದು ಕಾರಣವಲ್ಲ.

ನಿಷೇಧಿತ ಸಂಬಂಧದ ಬಗ್ಗೆ ನಮ್ಮ ಕಡೆಯವರು ಎಚ್ಚರ ವಹಿಸಬೇಕು. ಸೋದರಮಾವನ ಮಗಳು, ಸೋದರತ್ತೆ ಮಗಳು ಈ ಕಾಯ್ದೆಯ ನಿಷೇಧದ ಪಟ್ಟಿಯಲ್ಲಿದ್ದಾರೆ. ರೂಢಿಯ ವಿನಾಯಿತಿ ಇಲ್ಲಿ ಸಿಗುವುದು ರಾಜ್ಯ ಸರ್ಕಾರ ಗೆಜೆಟ್ಟಿನಲ್ಲಿ ಪ್ರಕಟಿಸಿದ ರೂಢಿಗೆ ಮಾತ್ರ. ಸೋದರಿಕೆಯ ಸಂಬಂಧವಿದ್ದರೆ ಈ ದಾರಿ ಬೇಡ. ಒಬ್ಬ ವಕೀಲರನ್ನು ಕಂಡು ಹಿಂದೂ ವಿವಾಹ ಕಾಯ್ದೆಯಡಿ ರೂಢಿಯ ಕನಿಷ್ಠ ವಿಧಿ ಯಾವುದೆಂದು ಕೇಳಿ ಅಷ್ಟನ್ನು ನಡೆಸಿ.

"ಸ್ಪೆಷಲ್ ಮ್ಯಾರೇಜ್ ಆದರೆ ಪಿತ್ರಾರ್ಜಿತ ಆಸ್ತಿ ಹೋಗುತ್ತೆ" ಎಂದು ಯಾರಾದರೂ ಅಂದೇ ಅನ್ನುತ್ತಾರೆ. 19ನೇ ಸೆಕ್ಷನ್ ಅವಿಭಕ್ತ ಕುಟುಂಬದಿಂದ ಬೇರೆಯಾದಂತೆ ಅನ್ನುವುದು ನಿಜ. ಆದರೆ ಬೇರೆಯಾಗುವುದೆಂದರೆ ಪಾಲು ಕಳೆದುಕೊಳ್ಳುವುದಲ್ಲ. ಅದೂ ಅಲ್ಲದೆ 1976ರಲ್ಲಿ ಸೇರಿದ 21ಎ ಪ್ರಕಾರ ಇಬ್ಬರೂ ಹಿಂದೂ, ಬೌದ್ಧ, ಸಿಖ್ ಅಥವಾ ಜೈನರಾಗಿದ್ದರೆ 19ನೇ ಸೆಕ್ಷನ್ ಅನ್ವಯಿಸುವುದೇ ಇಲ್ಲ. ಈ ಎರಡು ಸಾಲನ್ನು ಪ್ರಿಂಟ್ ತೆಗೆದು ಅಪ್ಪನ ಜೇಬಿನಲ್ಲಿಡಿ.

ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರ, ವಿಳಾಸದ ದಾಖಲೆ, ಫೋಟೋ, ಸಾಕ್ಷಿಗಳ ಗುರುತಿನ ಚೀಟಿ ಬೇಕು. ಎಲ್ಲದರಲ್ಲೂ ಹೆಸರಿನ ಅಕ್ಷರ, ಇನಿಶಿಯಲ್ ಒಂದೇ ಇರಲಿ. ಆಧಾರ್‌ನಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ತಿದ್ದಿಸುವುದಕ್ಕೇ ವಾರಗಳು ಹೋಗುತ್ತವೆ. ಈ ಕೆಲಸ ಇವತ್ತೇ ಶುರು ಮಾಡಿ.

ಅರಳಿಕಟ್ಟೆ:

ಕಾನೂನು ಹೇಳಿದ್ದಾಯ್ತು. ಮಾತಿನ ವಿಷಯ ನನಗಿರಲಿ.

1951ರಲ್ಲಿ ಅಮೆರಿಕದಲ್ಲಿ ಸಾಲಮನ್ ಆಶ್ ಅನ್ನೋ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಮೂರು ಗೆರೆ ತೋರಿಸಿ, ಪಕ್ಕದ ಗೆರೆಗೆ ಯಾವುದು ಸಮ ಅಂತ ಕೇಳೋದು. ಚಿಕ್ಕ ಮಗುವೂ ಹೇಳಬಹುದಾದ ಉತ್ತರ. ಆದರೆ ಕೋಣೆಯಲ್ಲಿ ಒಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಮೊದಲೇ ಹೇಳಿಕೊಟ್ಟ ಹಾಗೆ ತಪ್ಪು ಉತ್ತರ ಕೊಡ್ತಾರೆ. ಆ ಒಬ್ಬರು ಸುಮಾರು ಮೂರರಲ್ಲಿ ಒಂದು ಸಲ ಕಣ್ಣಿಗೆ ಕಂಡಿದ್ದನ್ನೂ ಬಿಟ್ಟು ಗುಂಪಿನ ಉತ್ತರ ಹೇಳಿದರು. ಆದರೆ ಗುಂಪಿನಲ್ಲಿ ಇನ್ನೊಬ್ಬರೇ ಒಬ್ಬರು ಸರಿ ಉತ್ತರ ಹೇಳಿದರೆ ಸಾಕು, ಈ ಬಗ್ಗುವಿಕೆ ಕಾಲು ಭಾಗಕ್ಕೆ ಇಳಿಯಿತು. ನಿಮ್ಮ ಮನೆಗೆ ಇದನ್ನು ಹಾಗೇ ತನ್ನಿ. ನಲವತ್ತು ನೆಂಟರನ್ನು ಒಪ್ಪಿಸೋ ಕೆಲಸ ನಿಮ್ಮದಲ್ಲ. ಅಪ್ಪ ಅಮ್ಮ ಕೂತ ಜಗಲಿ ಮೇಲೆ, ಅವರದೇ ವಯಸ್ಸಿನ ಒಬ್ಬರು "ಹುಡುಗರು ಮಾಡ್ತಿರೋದು ಸರಿ ಇದೆ ಬಿಡ್ರಯ್ಯ" ಅನ್ನಬೇಕು. ಪ್ರತಿ ಮನೆಗೆ ಅಂಥ ಒಬ್ಬರು. ನಿಮ್ಮ ಗೆಳೆಯರು ನೂರು ಜನ ಹೇಳಿದರೂ ಅದಕ್ಕೆ ಸಮ ಅಲ್ಲ.

ಯಾರನ್ನ ಹಿಡಿಯೋದು? ಜಾಸ್ತಿ ಕೂಗಾಡ್ತಿರೋ ಸೋದರಮಾವನನ್ನೇ ಮೊದಲು ನೋಡಿ. ನಮ್ಮ ಕಡೆ ಹುಡುಗಿಯನ್ನ ಹಸೆಗೆ ಕರೆತರೋರು ಸೋದರಮಾವ. ನೀವು ಶಾಸ್ತ್ರ ಬಿಟ್ಟಾಗ ಅವರಿಗೆ ಹೋಗಿದ್ದು ಶಾಸ್ತ್ರ ಅಲ್ಲ, ಅವರ ಜಾಗ. ಅದನ್ನ ಅವರು ಬಾಯಿಬಿಟ್ಟು ಹೇಳಲ್ಲ, ಬದಲಿಗೆ "ಊರವರು ಏನಂತಾರೆ" ಅಂತಾರೆ. ಕಾನೂನಿಗೆ ಮೂವರು ಸಾಕ್ಷಿ ಬೇಕಲ್ಲ, ಮೊದಲನೇ ಸಹಿ ಸೋದರಮಾವಂದೇ ಆಗಲಿ. "ಮಾವ, ನಿಮ್ಮ ಸಹಿ ಇಲ್ಲದೆ ನನ್ನ ಮದುವೆ ಪುಸ್ತಕಕ್ಕೆ ಏರಲ್ಲ" ಅಂತ ಮನೆಗೇ ಹೋಗಿ ಹೇಳಿ. ಫೋನಲ್ಲಿ ಬೇಡ. ಹುಡುಗನ ಕಡೆ ಹಿರಿಯರೊಬ್ಬರಿಗೆ ಪ್ರಮಾಣ ವಚನ ಓದಿಸೋ ಕೆಲಸ ಕೊಡಿ.

ಕಾರಣ ಕೊಡೋವಾಗ ಹುಷಾರು. "ಖರ್ಚು ಜಾಸ್ತಿ" ಅಂದರೆ ದೊಡ್ಡಪ್ಪ "ಅರ್ಧ ನಾನು ಹಾಕ್ತೀನಿ" ಅಂತಾರೆ. "ರಜೆ ಇಲ್ಲ" ಅಂದರೆ "ಬೇಸಿಗೇಲಿ ಮಾಡೋಣ" ಅಂತಾರೆ. ನೆಪಕ್ಕೆ ಪರಿಹಾರ ಇದ್ದೇ ಇರುತ್ತೆ, ಅದಕ್ಕೇ ನೆಪ ಹೇಳಬೇಡಿ. ಒಂದೇ ಮಾತು, ಪ್ರತಿ ಸಲ ಅದೇ ಪದ, ದನಿ ಏರಿಸದೆ: "ಇದು ನಾವಿಬ್ಬರೂ ಕೂತು ಮಾಡಿದ ತೀರ್ಮಾನ. ಅಪ್ಪ ಅಮ್ಮನ್ನ ಕೇಳಬೇಡಿ, ಬೈಯೋದಾದರೆ ನಮ್ಮನ್ನ ಬೈರಿ. ಆವತ್ತು ನೀವು ಬರಲೇಬೇಕು." ಮಧ್ಯದ ವಾಕ್ಯ ಬಹಳ ಮುಖ್ಯ. ಅಪ್ಪ ಅಮ್ಮ ಅಲುಗಾಡ್ತಿರೋದು ನಿಮ್ಮ ಮದುವೆ ಇಷ್ಟ ಇಲ್ಲದೆ ಅಲ್ಲ. ಸಂತೆಯಲ್ಲಿ, ತಿಥಿ ಮನೇಲಿ, ಡೈರಿ ಹತ್ತಿರ ದಿನಾ ಉತ್ತರ ಕೊಡಬೇಕಾದವರು ಅವರು. ಆ ಹೊರೆ ನೀವು ಹೊರಬೇಕು. ಎರಡು ಭಾನುವಾರ ಊರಿಗೆ ಹೋಗಿ, ಇಬ್ಬರೂ ಜೊತೆಗೆ ಹೋಗಿ, ಮುಖ್ಯವಾದ ಏಳೆಂಟು ಮನೆ ಸುತ್ತಿ.

ಮುಯ್ಯಿ ವಿಷಯ ತಳ್ಳಿಹಾಕಬೇಡಿ, ಅದು ನಿಜವಾದ ಸಂಕಟ. ಅಮ್ಮನ ಹತ್ತಿರ ಮುಯ್ಯಿ ಪುಸ್ತಕ ಇದ್ದೇ ಇರುತ್ತೆ. ಜೊತೆಗೆ ಕೂತು ಎರಡು ಪಟ್ಟಿ ಮಾಡಿ: ನಾವು ಹಾಕಿ ಇನ್ನೂ ಬರಬೇಕಾದವರು, ನಮಗೆ ಹಾಕಿ ನಾವು ತೀರಿಸಬೇಕಾದವರು. ಎರಡನೇ ಪಟ್ಟಿಯವರ ಮನೆಯ ಮುಂದಿನ ಶುಭಕಾರ್ಯಗಳಿಗೆ ತಪ್ಪದೆ ಹೋಗಿ ಹಾಕ್ತೀವಿ ಅಂತ ಅಮ್ಮನಿಗೆ ಮಾತು ಕೊಡಿ, ನಡೆಸಿ. ಮೊದಲನೇ ಪಟ್ಟಿಯವರಿಗೆ ತೀರಿಸೋ ದಾರಿ ಬೇಕು. ಋಣ ಉಳಿಯಿತು ಅನ್ನೋ ಕಸಿವಿಸಿ ಅವರಿಗೂ ಇದೆ. "ಮನೆ ಕಟ್ಟಿದಾಗ ಗೃಹಪ್ರವೇಶಕ್ಕೆ ಬನ್ನಿ" ಅಂದರೆ ಅವರಿಗೂ ಸಮಾಧಾನ, ನಿಮಗೂ ಮದುವೆ ದಿನ ಮುಯ್ಯಿ ಬರೆಯೋ ಮೇಜು ಹಾಕೋದು ತಪ್ಪುತ್ತೆ.

ಯಾವುದಕ್ಕೆ ಬಗ್ಗೋದು, ಯಾವುದಕ್ಕೆ ಬಗ್ಗದೆ ಇರೋದು ಅಂತ ಈಗಲೇ ಬರೆದಿಡಿ. ನನ್ನ ಲೆಕ್ಕದಲ್ಲಿ ಬಗ್ಗಬಾರದ್ದು ಮೂರು: ಕೊಡೋದು ತೆಗೆದುಕೊಳ್ಳೋದು, ಜನರ ಸಂಖ್ಯೆ, ಹುಡುಗಿಯನ್ನ ದಾನ ಕೊಡೋ ಶಾಸ್ತ್ರ. ಅಜ್ಜಿಗೆ ಅರಿಶಿನ ಹಚ್ಚೋ ಆಸೆ, ಅಮ್ಮನಿಗೆ ಬಳೆ ತೊಡಿಸೋ ಆಸೆ, ಮನೆ ಮುಂದೆ ಹಸಿರು ಚಪ್ಪರ, ಇವಕ್ಕೆಲ್ಲ ಧಾರಾಳವಾಗಿ ಹೂಂ ಅನ್ನಿ. ಎಲ್ಲದಕ್ಕೂ ಬೇಡ ಅಂದವರ ಮಾತಿಗೆ ತೂಕ ಇರಲ್ಲ.

ಜಾರೋ ಜಾಗ ಯಾವುದು ಅಂದರೆ "ಮದುವೆ ನಿಮ್ಮಿಷ್ಟದ ಹಾಗೆ ಮಾಡ್ಕೊಳ್ಳಿ, ಒಂದು ಆರತಕ್ಷತೆ ಇಟ್ಟುಬಿಡೋಣ" ಅನ್ನೋ ಮಾತು. ಆರತಕ್ಷತೆಗೆ ಛತ್ರ, ಛತ್ರಕ್ಕೆ ತಕ್ಕ ಜನ, ಜನ ಬಂದ ಮೇಲೆ ಬೀಗರೂಟ, ಬೀಗರೂಟಕ್ಕೆ ಕುರಿ. ಛತ್ರಕ್ಕೆ ಅಡ್ವಾನ್ಸ್ ಕೊಟ್ಟ ದಿನ ನಿಮ್ಮ ತೀರ್ಮಾನ ಮುರಿದ ಹಾಗೆ, ಯಾಕಂದ್ರೆ ಆಮೇಲೆ ಯಾರೂ ನಿಮ್ಮ ಹತ್ತಿರ ವಾದ ಮಾಡಲ್ಲ, "ದುಡ್ಡು ಕಟ್ಟಾಗಿದೆ" ಅಂತಾರೆ ಅಷ್ಟೇ. ಅದಕ್ಕೇ ಅರವತ್ತು ಜನ ಹಿಡಿಯೋ ಜಾಗವನ್ನ ನೀವೇ ಮೊದಲು ಗೊತ್ತು ಮಾಡಿ. ಮನೆ ಅಂಗಳ, ತೋಟ, ಶಾಲೆ ಹಾಲು, ಯಾವುದಾದರೂ ಸರಿ.

ಕರೆಯೋ ಪಟ್ಟಿಯನ್ನ ಹೆಸರು ಹಿಡಿದು ಮಾಡಬೇಡಿ, ಕಟ್ಟಳೆ ಹಿಡಿದು ಮಾಡಿ: "ಅಪ್ಪ ಅಮ್ಮನ ಒಡಹುಟ್ಟಿದವರು, ಅವರ ಸಂಸಾರ, ಎರಡೂ ಕಡೆಯಿಂದ ನಾಲ್ಕು ನಾಲ್ಕು ಗೆಳೆಯರು." ಚಿಕ್ಕಪ್ಪನ ಬೀಗರನ್ನ ಕರೆದು ಅತ್ತೆ ಬೀಗರನ್ನ ಬಿಟ್ಟರೆ ಹತ್ತು ವರ್ಷದ ಮುನಿಸು. ಕಟ್ಟಳೆ ಒಂದು ಸಲ ಮುರಿದರೆ ಅರವತ್ತು ನೂರೈವತ್ತಾಗೋಕೆ ಒಂದು ವಾರ ಸಾಕು.

ತಂಗಿಯ ಮಾತು ಬಂದಿದೆ. ತಂಗಿಯನ್ನೇ ಕೂರಿಸಿಕೊಂಡು ಕೇಳಿ. ಅವಳ ಮದುವೆ ಹೇಗೆ ಅನ್ನೋದು ಅವಳ ತೀರ್ಮಾನ, ನಿಮ್ಮ ಮದುವೆ ಅದಕ್ಕೆ ಮೇಲ್ಪಂಕ್ತಿ ಅಲ್ಲ ಅಂತ ಅಪ್ಪ ಅಮ್ಮನ ಮುಂದೆ ಹೇಳಿ.

ಚಪ್ಪರದ ಕಂಬ:

ದಿನದ ವಿಷಯ ನಾನು ಬರೆಯುತ್ತೇನೆ. ಮಂತ್ರ ಮಾಂಗಲ್ಯ ಕುವೆಂಪು ರೂಪಿಸಿದ ಪದ್ಧತಿ. ಅವರ ಮಗ ಪೂರ್ಣಚಂದ್ರ ತೇಜಸ್ವಿ 1966ರಲ್ಲಿ ಮದುವೆಯಾದದ್ದು ಹೀಗೆಯೇ. ಹಿರಿಯರೊಬ್ಬರು ಮಂತ್ರಗಳನ್ನು ಕನ್ನಡದ ಅರ್ಥದೊಂದಿಗೆ ಓದುತ್ತಾರೆ, ವಧೂವರರು ಪ್ರತಿಜ್ಞೆ ಹೇಳುತ್ತಾರೆ, ಹಾರ ಬದಲಾಯಿಸುತ್ತಾರೆ, ಇಷ್ಟವಿದ್ದರೆ ತಾಳಿ. ವರದಕ್ಷಿಣೆ, ಆಡಂಬರ ಎರಡನ್ನೂ ಬಿಡುವುದು ಅದರ ಜೀವಾಳ. ಸಾವಿರ ಜನರ ಛತ್ರದಲ್ಲಿ ಪುರೋಹಿತರೊಬ್ಬರನ್ನು ಮಾತ್ರ ಕೈಬಿಟ್ಟು ಆ ಹೆಸರಿಡುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮದುವೆ ಅಧಿಕಾರಿ ಕಚೇರಿಯಿಂದ ಹೊರಗೆ, ಸಮಂಜಸವಾದ ದೂರದೊಳಗೆ ಬಂದು ನಡೆಸಿಕೊಡಲು ಕಾಯ್ದೆಯಲ್ಲಿ ಅವಕಾಶವಿದೆ, ಹೆಚ್ಚಿನ ಶುಲ್ಕ ಕಟ್ಟಬೇಕು. ಅದು ಕೂಡಿಬರದಿದ್ದರೆ ಹಿಂದಿನ ದಿನ ಕಚೇರಿಯಲ್ಲಿ ಸಹಿ, ಮರುದಿನ ಅಂಗಳದಲ್ಲಿ ಪ್ರತಿಜ್ಞೆ. ಕಾನೂನಿಗೆ ಮದುವೆಯ ದಿನಾಂಕ ಸಹಿಯಾದ ದಿನದ್ದೇ ಎಂದು ನೆನಪಿಡಿ.

ವಿಧಿ ಮುಕ್ಕಾಲು ಗಂಟೆ ಮೀರದಿರಲಿ. ಹನ್ನೊಂದಕ್ಕೆ ಶುರುವಾದರೆ ಹನ್ನೆರಡೂವರೆಗೆ ಎಲೆ ಹಾಕಬಹುದು. ಓದುವವರಿಗೆ ದಪ್ಪ ಅಕ್ಷರದ ಪ್ರತಿ ವಾರದ ಮುಂಚೆಯೇ ಕೊಟ್ಟು ಒಂದು ಸಲ ಗಟ್ಟಿಯಾಗಿ ಓದಿಸಿ. ಸಂಸ್ಕೃತ ಉಚ್ಚಾರ ತಡವರಿಸಿದರೆ ಕನ್ನಡದ್ದನ್ನು ಮಾತ್ರ ಓದಲಿ, ಏನೂ ಕೊರತೆಯಿಲ್ಲ. ಒಂದು ಮೈಕು ಬೇಕೇ ಬೇಕು. ಕೇಳಿಸದಿದ್ದರೆ ಹಿಂದಿನ ಸಾಲಿನವರು ಮಾತಿಗೆ ತೊಡಗುತ್ತಾರೆ, "ಏನೂ ನಡೀಲೇ ಇಲ್ಲ" ಎಂದು ಊರಲ್ಲಿ ಹೇಳುವವರೂ ಅವರೇ.

ಯಾರಿಗೂ ಹೊಳೆಯದ ಒಂದು ತೊಡಕು: ವಾಲಗವಿಲ್ಲ, ಗಟ್ಟಿಮೇಳವಿಲ್ಲ, ಹಾಗಾಗಿ ಅಕ್ಷತೆ ಯಾವಾಗ ಹಾಕಬೇಕೆಂದು ಬಂದವರಿಗೆ ತಿಳಿಯುವುದಿಲ್ಲ. ಕೈಯಲ್ಲಿ ಹಿಡಿದು ಮುಖ ಮುಖ ನೋಡುತ್ತಾ ಕೂರುತ್ತಾರೆ. ಹಾಗಾಗಿ ಶುರುವಿಗೇ ಒಬ್ಬರು ನಿಂತು, ಏನು ನಡೆಯುತ್ತದೆ, ಯಾವಾಗ ಎಲ್ಲರೂ ಎದ್ದು ಅಕ್ಷತೆ ಅಥವಾ ಹೂವಿನ ಎಸಳು ಹಾಕಬೇಕು ಎಂದು ಎರಡು ನಿಮಿಷ ಹೇಳಲಿ. ಹಾರ ಹಾಕುವಾಗ ನಾಲ್ಕು ಜನ ಸೇರಿ ಒಂದು ಸೋಬಾನೆ ಪದ ಹೇಳಿದರೆ ಇನ್ನೂ ಚೆನ್ನ, ಹಳೆಯ ತಲೆಗಳಿಗೆ ಮದುವೆಮನೆಯ ಕಳೆ ಬರುವುದು ಅದರಿಂದ. ಭಾಷಣ ಇಬ್ಬರದು ಸಾಕು, ಐದೈದು ನಿಮಿಷ.

ಊಟ ಮಾತ್ರ ಒಂದು ಚೂರೂ ಕಮ್ಮಿಯಾಗಬಾರದು. ಸರಳ ಎಂದರೆ ಅರೆಹೊಟ್ಟೆ ಎಂಬ ಮಾತು ಒಮ್ಮೆ ಹುಟ್ಟಿದರೆ ಸಾಯುವುದಿಲ್ಲ. ಅರವತ್ತು ಜನಕ್ಕೆ ಅರವತ್ತೈದರ ಅಂದಾಜು ಹಿಡಿಯಿರಿ: ಅನ್ನಕ್ಕೆ ಆರೂವರೆ ಕೆಜಿ ಅಕ್ಕಿ, ಹುಳಿಗೆ 2 ಕೆಜಿ ತೊಗರಿಬೇಳೆ, ಹುಳಿ ಪಲ್ಯ ಎರಡಕ್ಕೂ ಸೇರಿ 10 ಕೆಜಿ ತರಕಾರಿ, ಕೋಸಂಬರಿಗೆ 1 ಕೆಜಿ ಹೆಸರುಬೇಳೆ ಮತ್ತು 2 ಕೆಜಿ ಸೌತೆಕಾಯಿ, ಪಾಯಸಕ್ಕೆ ಒಂದೂವರೆ ಕೆಜಿ ಹೆಸರುಬೇಳೆ, 2 ಕೆಜಿ ಬೆಲ್ಲ, ನಾಲ್ಕು ತೆಂಗಿನಕಾಯಿ, ಮಜ್ಜಿಗೆಗೆ 5 ಲೀಟರ್ ಮೊಸರು. ಒಬ್ಬ ಅಡುಗೆಭಟ್ಟರು, ಇಬ್ಬರು ಸಹಾಯಕರು. ಬಡಿಸುವವರು ಹುಡುಗ ಹುಡುಗಿಯ ಗೆಳೆಯರೇ ಆಗಲಿ. ಮೊದಲ ಪಂಕ್ತಿಯಲ್ಲಿ ಊರ ಹಿರಿಯರು ಕೂರಲಿ.

ಇಷ್ಟೆಲ್ಲ ಆದರೂ "ದೇವರ ಸನ್ನಿಧಿಯಲ್ಲಿ ಆಗಲಿಲ್ಲ" ಎಂಬ ಕೊರಗು ಅಪ್ಪ ಅಮ್ಮನಿಗೆ ಬಿಡದಿದ್ದರೆ, ಧರ್ಮಸ್ಥಳದಲ್ಲಿ 1972ರಿಂದ ನಡೆದುಬಂದಿರುವ ಸಾಮೂಹಿಕ ವಿವಾಹ ಒಂದು ಗೌರವದ ದಾರಿ. ವರದಕ್ಷಿಣೆಯಿಲ್ಲ, ದುಂದಿಲ್ಲ, ಊರಲ್ಲಿ ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ. ಆದರೆ ಅಲ್ಲಿ ಮುಹೂರ್ತ, ಮಂತ್ರ ಎಲ್ಲ ಇರುತ್ತದೆ. ನಿಮಗೆ ಬೇಕೋ ಬೇಡವೋ ನೀವೇ ನೋಡಿ.

ಹೇಮಾವತಿ ತೀರ:

ಮೂವರಿಗೂ ಮನಸಾರೆ ಧನ್ಯವಾದ. ಸಾಕ್ಷಿ ಸಹಿಯ ಮಾತು ನಮಗೆ ಹೊಳೆದೇ ಇರಲಿಲ್ಲ. ಒಂದು ಉಳಿದಿದೆ. ಹುಡುಗನ ಕಡೆಯ ಹಿರಿಯರು "ನಾವೇನೂ ಕೇಳಲ್ಲ, ನಿಮ್ಮ ಮಗಳಿಗೆ ನೀವು ಹಾಕೋದು ಹಾಕಿ" ಅಂತಿದ್ದಾರೆ. ಇದಕ್ಕೆ ಏನು ಹೇಳುವುದು? ಹುಡುಗಿಯ ಅಪ್ಪನಿಗೂ ಬರಿಗೈಯಲ್ಲಿ ಕಳಿಸಲು ಮನಸ್ಸಿಲ್ಲ.

ನೋಂದಣಿ ಕಟ್ಟೆ:

ಆ ಮಾತಿಗೆ ಉತ್ತರ ಕೊಡಬೇಕಾದವನು ಹುಡುಗ. ಹುಡುಗಿಯ ಮನೆಯವರಲ್ಲ. ಅವನೇ ತನ್ನ ಹಿರಿಯರಿಗೆ, ಹುಡುಗಿಯ ಅಪ್ಪನ ಎದುರಿನಲ್ಲೇ, "ಏನೂ ಹಾಕುವುದು ಬೇಡ, ಈ ಮಾತು ಇನ್ನು ಬೇಡ" ಎಂದು ಹೇಳಬೇಕು. ಅವನು ಸುಮ್ಮನಿದ್ದರೆ ಆ ಮೌನವನ್ನು ಎಲ್ಲರೂ ಹೂಂ ಎಂದೇ ಓದುತ್ತಾರೆ.

1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಕೊಡುವುದೂ ತೆಗೆದುಕೊಳ್ಳುವುದೂ ಎರಡೂ ಅಪರಾಧ; ಕನಿಷ್ಠ ಐದು ವರ್ಷ ಜೈಲು, ಜೊತೆಗೆ 15,000 ರೂಪಾಯಿ ಅಥವಾ ವರದಕ್ಷಿಣೆಯ ಮೌಲ್ಯ, ಯಾವುದು ಹೆಚ್ಚೋ ಅದಕ್ಕೆ ಕಮ್ಮಿಯಿಲ್ಲದ ದಂಡ. ಕೇಳದೆಯೇ ಮದುವೆಯಲ್ಲಿ ಪ್ರೀತಿಯಿಂದ ಕೊಟ್ಟ ಉಡುಗೊರೆಗೆ ವಿನಾಯಿತಿ ಇದೆ, ಆದರೆ ಷರತ್ತಿನ ಮೇಲೆ. 1985ರ ನಿಯಮಗಳಂತೆ ಪಟ್ಟಿ ಮಾಡಬೇಕು: ವಸ್ತು ಏನು, ಅಂದಾಜು ಬೆಲೆ, ಕೊಟ್ಟವರ ಹೆಸರು, ನೆಂಟರಾಗಿದ್ದರೆ ಏನು ಸಂಬಂಧ. ವಧುವಿಗೆ ಬಂದದ್ದರ ಪಟ್ಟಿ ವಧುವಿನ ಹತ್ತಿರ, ವರನಿಗೆ ಬಂದದ್ದು ವರನ ಹತ್ತಿರ, ಎರಡಕ್ಕೂ ಇಬ್ಬರ ಸಹಿ. ಒಂದು ಜೊತೆ ಓಲೆ ಕೊಟ್ಟರೂ ಬರೆದಿಡಿ.

ಅಪ್ಪನಿಗೆ ಕೊಡಲೇಬೇಕೆನ್ನಿಸಿದರೆ ಮಗಳೊಬ್ಬಳದೇ ಹೆಸರಿನ ಬ್ಯಾಂಕ್ ಠೇವಣಿ ಇಡಲಿ, ಜಂಟಿ ಖಾತೆ ಬೇಡ, ಮದುವೆಮನೆಯಲ್ಲಿ ತೋರಿಸುವುದೂ ಬೇಡ. ಇದಕ್ಕಿಂತ ಮುಖ್ಯವಾದದ್ದು ಪಾಲಿನ ವಿಷಯ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು 2005ರ ತಿದ್ದುಪಡಿಯಿಂದ ದೇಶಕ್ಕೆಲ್ಲ ಬಂತು, ಕರ್ನಾಟಕದಲ್ಲಿ ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ 1994ರಲ್ಲೇ ಬಂದಿತ್ತು. ಆದರೂ ಮದುವೆಗೆ ಚಿನ್ನ ಹಾಕಿದ್ದನ್ನೇ ಮುಂದಿಟ್ಟು, "ನಿನ್ನದು ಕೊಟ್ಟಾಯ್ತಲ್ಲ" ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಎಲ್ಲ ಕಡೆ ನಡೆಯುತ್ತಿದೆ. ಕೊಟ್ಟರೆ ಉಡುಗೊರೆ ಎಂದೇ ಕೊಡಲಿ, ಪಾಲಿನ ಬದಲಿಗೆ ಅಲ್ಲ ಎಂದು ಅದೇ ಪಟ್ಟಿಯ ಕೆಳಗೆ ಒಂದು ಸಾಲು ಬರೆದು ಅಪ್ಪ ಸಹಿ ಹಾಕಲಿ. ಮದುವೆಯ ಗಡಿಬಿಡಿಯಲ್ಲಿ ಯಾರಾದರೂ ಛಾಪಾ ಕಾಗದ ತಂದರೆ, ಓದದೆ, ವಕೀಲರಿಗೆ ತೋರಿಸದೆ ಹುಡುಗಿ ಯಾವುದಕ್ಕೂ ಸಹಿ ಹಾಕಬಾರದು.